ಹೇರಿದ ಗಾಡಿ ಕತ್ತಲೆಯಲ್ಲಿ ಕಾಣಲಿ

(ಹಂಗಾಮು ಆರಂಭಕ್ಕೆ ಮುನ್ನ ಕರೆದ ಸದಸ್ಯರ ಹಾಗೂ ವಾಹನ ಮಾಲೀಕರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬು ಅಭಿವೃದ್ಧಿ ಅಧಿಕಾರಿ ಮಾತಾಡಲು ನಿಂತರೆ ಬೀಜೋಪಚಾರ, ಕುಳೆ ಕಬ್ಬಿನ ಆರೈಕೆ, ಇಲ್ಲವೆ ಕೋ 86032 ತಳಿಯ ಮಾತು ಬರುತ್ತದೆಂದು ತಾವು ನಿರೀಕ್ಷಿಸುವುದು ಸಹಜ. ಆ ವಿಷಯಗಳಿಗೆ ಬೇರೆ ಸಭೆಗಳಿವೆ. ಇಂದು ನಾನು ಟ್ರೇಲರಿನ ಹಿಂದೆ ಅಂಟಿಸುವ ಪಟ್ಟಿಯ ಬಗ್ಗೆ ಮಾತಾಡುತ್ತೇನೆ. ವರ್ಷವಿಡೀ ನೀರು ಗೊಬ್ಬರ ಹಾಕಿ ಬೆಳೆಸಿದ ಕಬ್ಬು, ಹೊಲದಿಂದ ಕಾರ್ಖಾನೆಗೆ ಬರುವ ನಾಲ್ಕಾರು ಹರದಾರಿಯಲ್ಲಿ ಯಾರದೋ ಮನೆಯ ಮಗನ ಜೀವ ತೆಗೆಯುವಂತಾಗಬಾರದು. ಅದಕ್ಕಾಗಿಯೇ ಈ ಮಾತು.

ನಮ್ಮ ಕಬ್ಬಿನ ಬಹುಭಾಗ ರಾತ್ರಿಯ ವೇಳೆ ಬರುತ್ತದೆ. ಹಗಲೆಲ್ಲ ಕಟಾವು ಮಾಡಿ, ಸಂಜೆಗೆ ಹೇರು ಕಟ್ಟಿ, ಊಟ ಮಾಡಿ ಹೊರಡುತ್ತಾರೆ. ಬರುವ ದಾರಿಯಾದರೋ ಬರೀ ನಮ್ಮದಲ್ಲ. ಸೋಲಾಪುರ–ವಿಜಯಪುರ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ರಾತ್ರಿಯಿಡೀ ಲಾರಿ, ಕಾರುಗಳ ಓಡಾಟವಿದೆ. ಅಕ್ಕಲಕೋಟೆಗೆ, ಗಾಣಗಾಪುರಕ್ಕೆ, ಪಂಢರಪುರಕ್ಕೆ ಹೋಗಿಬರುವ ಯಾತ್ರಿಕರ ಜೀಪುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮವೇ ಹಳ್ಳಿಗಳ ಹುಡುಗರು ಮೋಟಾರ್ ಸೈಕಲ್ ಮೇಲೆ ಬರುತ್ತಿರುತ್ತಾರೆ.

ಒಂದು ಸರಳ ಲೆಕ್ಕ ನೋಡೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಚಾಲಕ ಅಡ್ಡವಸ್ತುವನ್ನು ಕಂಡು, ಅದು ಏನೆಂದು ತಿಳಿದು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ 30 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಇನ್ನೂ 40 ಮೀಟರ್ ಬೇಕು. ಅಂದರೆ ಒಟ್ಟು 70 ಮೀಟರಿಗೆ ಕಡಿಮೆಯಿಲ್ಲ. ಎದುರು ವಾಹನಕ್ಕೆಂದು ಡಿಪ್ಪರ್ ಹಾಕಿದ ಬೆಳಕಿನಲ್ಲಿ, ಒಣ ರವದಿ ಜೋತುಬಿದ್ದ ಕಬ್ಬಿನ ಹೇರು ಕಾಣುವುದು ಹೆಚ್ಚುಕಡಿಮೆ 40 ಮೀಟರ್ ಹತ್ತಿರಕ್ಕೆ ಬಂದಾಗ. ಕಾಣುವ ದೂರ 40, ನಿಲ್ಲಲು ಬೇಕಾದ ದೂರ 70. ನಡುವಿನ ಈ 30 ಮೀಟರಿನ ಕೊರತೆಯಲ್ಲೇ ಅಪಘಾತ ನಡೆಯುತ್ತದೆ. ಚಾಲಕ ಎಷ್ಟೇ ಜಾಣನಿದ್ದರೂ ಈ ಕೊರತೆ ತುಂಬಲಾರ. ಅದನ್ನು ತುಂಬಬಲ್ಲದ್ದು ದೂರದಿಂದಲೇ ಹೊಳೆಯುವ ಗುರುತು.

ರೇಡಿಯಂ ಎಂಬ ಹೆಸರಿನ ಗೊಂದಲ

ನಮ್ಮಲ್ಲಿ ಅಂಟಿಸುವ ಸ್ಟಿಕರಿಗೆಲ್ಲ ‘ರೇಡಿಯಂ’ ಎಂಬ ಒಂದೇ ಹೆಸರು. ನಿಜವಾದ ರೇಡಿಯಂ ಒಂದು ಧಾತು. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ಕಂಡುಹಿಡಿದದ್ದು. ಹಿಂದೆ ಗಡಿಯಾರದ ಮುಳ್ಳುಗಳು ಕತ್ತಲೆಯಲ್ಲಿ ಹೊಳೆಯಲೆಂದು ಅದನ್ನು ಬಣ್ಣದಲ್ಲಿ ಬೆರೆಸುತ್ತಿದ್ದರು. ಅಪಾಯಕಾರಿಯೆಂದು ತಿಳಿದ ಮೇಲೆ ಆ ಬಳಕೆ ನಿಂತಿತು. ಇಂದಿನ ಅಂಗಡಿಯ ಸ್ಟಿಕರಿನಲ್ಲಿ ರೇಡಿಯಂ ಇಲ್ಲ, ಹೆಸರು ಮಾತ್ರ ಉಳಿದಿದೆ. ಹೆಸರು ಒಂದೇ ಆದರೂ ಅಂಗಡಿಯಲ್ಲಿ ಸಿಗುವ ಮಾಲು ಮೂರು ಬಗೆಯದು.

ಮೊದಲನೆಯದು ಸಾದಾ ವಿನೈಲ್. ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಹಿಂದೆ ಅಂಟು. ಹಗಲಲ್ಲಿ ಕೆಂಪಗೆ ಚೆನ್ನಾಗಿ ಕಾಣುತ್ತದೆ, ರಾತ್ರಿ ಸತ್ತಂತೆ ಇರುತ್ತದೆ. ಎರಡನೆಯದು ಬೆಳಕು ಕುಡಿದು ಸ್ವಲ್ಪ ಹೊತ್ತು ಹಸಿರಾಗಿ ಮಿನುಗುವ ಹಾಳೆ. ಮನೆಯಲ್ಲಿ ಸ್ವಿಚ್ಚು ಹುಡುಕಲು ಸರಿ, ರಸ್ತೆಗೆ ಉಪಯೋಗವಿಲ್ಲ. ಮೂರನೆಯದು ಪ್ರತಿಫಲಕ ಹಾಳೆ. ಇದರ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ, ಮೂಲೆಯಾಕಾರದ ಸೂಕ್ಷ್ಮ ಪಟ್ಟಕಗಳೋ ಇರುತ್ತವೆ. ಅವು ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ರಾತ್ರಿ ಕೊಟ್ಟಿಗೆಗೆ ಹೋಗಿ ಬ್ಯಾಟರಿ ಬಿಟ್ಟಾಗ ಎತ್ತಿನ ಕಣ್ಣು ಮಿಂಚುವುದನ್ನು ತಾವೆಲ್ಲ ಕಂಡಿದ್ದೀರಿ. ಅದೇ ರೀತಿಯ ಕೆಲಸ. ನಮಗೆ ಬೇಕಾದದ್ದು ಈ ಮೂರನೆಯದು ಮಾತ್ರ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಪಟ್ಟಿಯಿಂದ 25 ಹೆಜ್ಜೆ ದೂರ ನಿಂತು, ಬ್ಯಾಟರಿಯನ್ನು ಕಣ್ಣಿನ ಪಕ್ಕದಲ್ಲೇ, ಕಿವಿಗೆ ತಾಗುವಂತೆ ಹಿಡಿದು ನೋಡಿರಿ. ಪಟ್ಟಿ ದೀಪದಂತೆ ಉರಿದರೆ ಅದು ಪ್ರತಿಫಲಕ. ಸೊಂಟದ ಹತ್ತಿರ ಹಿಡಿದು ನೋಡಿದರೆ ಒಳ್ಳೆಯ ಪಟ್ಟಿಯೂ ಮಂಕಾಗಿ ಕಂಡೀತು, ಏಕೆಂದರೆ ಬೆಳಕು ಬ್ಯಾಟರಿಯ ಕಡೆಗೇ ಹೋಗುತ್ತದೆ, ಕಣ್ಣಿನ ಕಡೆಗೆ ಬರುವುದಿಲ್ಲ.

ಕೊಳ್ಳುವಾಗ ‘ಎಐಎಸ್ 090’ ಎಂಬ ಗುರುತು ಪಟ್ಟಿಯ ಮೇಲೆ ಇದೆಯೇ ನೋಡಿರಿ. ಇದು ವಾಹನಗಳ ಪ್ರತಿಫಲಕ ಪಟ್ಟಿಗೆ ನಮ್ಮ ದೇಶದಲ್ಲಿ ಗೊತ್ತುಪಡಿಸಿದ ಮಾನಕ. ಪಟ್ಟಿಯ ಅಗಲ ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚು. ಒಂದು ಟ್ರೇಲರಿಗೆ ಬೇಕಾಗುವ ಪಟ್ಟಿಯ ಖರ್ಚು ಒಂದು ಟನ್ ಕಬ್ಬಿನ ಬೆಲೆಯೊಳಗೆ ಮುಗಿಯುತ್ತದೆ.

ಯಾವ ಬಣ್ಣ, ಯಾವ ಜಾಗ

ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಇದನ್ನು ಮಕ್ಕಳ ಮಗ್ಗಿಯಂತೆ ಬಾಯಿಪಾಠ ಮಾಡಿರಿ. ರಾತ್ರಿ ವಾಹನ ನಡೆಸುವವನು ಬಣ್ಣ ನೋಡಿಯೇ ಎದುರಿನ ಗಾಡಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುತ್ತಾನೆ. ಮನೆಯಲ್ಲಿ ಉಳಿದಿದೆಯೆಂದು ಕೆಂಪು ಪಟ್ಟಿಯನ್ನು ಮುಂದೆ ಅಂಟಿಸಿದರೆ ಅವನಿಗೆ ಮೋಸ ಮಾಡಿದಂತೆ.

ಹಿಂಭಾಗದಲ್ಲಿ ಒಂದೇ ತುಂಡನ್ನು ನಡುವೆ ಅಂಟಿಸಿದರೆ ಮೋಟಾರ್ ಸೈಕಲ್ಲಿನಂತೆ ಕಾಣುತ್ತದೆ. ಬದಿಯಿಂದ ದಾಟಿಹೋಗಬಹುದೆಂದು ಹಿಂದಿನವನು ತಿಳಿಯುತ್ತಾನೆ. ಆದ್ದರಿಂದ ಗಾಡಿಯ ಪೂರ್ತಿ ಅಗಲಕ್ಕೆ ಒಂದು ಅಡ್ಡಪಟ್ಟಿ, ಎರಡೂ ತುದಿಗಳಲ್ಲಿ ಒಂದೊಂದು ನಿಲುವು ಪಟ್ಟಿ ಇರಲಿ. ಎತ್ತರ ಮೊಣಕಾಲಿನಿಂದ ಎದೆಯ ಮಟ್ಟದೊಳಗೆ ಇರಲಿ. ಡಿಪ್ಪರ್ ಬೆಳಕು ಬೀಳುವುದು ಅಲ್ಲಿಗೇ.

ಬದಿಯ ಹಳದಿ ಪಟ್ಟಿಯನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರುವುದನ್ನು ನೆನೆಸಿಕೊಳ್ಳಿರಿ. ಟ್ರ್ಯಾಕ್ಟರಿನ ದೀಪ ರಸ್ತೆ ದಾಟುತ್ತದೆ. ಬದಿಯಿಂದ ಬರುವ ಮೋಟಾರ್ ಸೈಕಲ್ಲಿನವನು ದಾರಿ ತೆರವಾಯಿತೆಂದು ತಿಳಿಯುತ್ತಾನೆ. ಆದರೆ ಅದರ ಹಿಂದೆ ಕತ್ತಲೆಯಲ್ಲಿ ಎರಡು ಹೇರು ಇನ್ನೂ ರಸ್ತೆಯ ಮೇಲೆ ಅಡ್ಡ ಸಾಗುತ್ತಿರುತ್ತವೆ. ಕಬ್ಬಿನ ಟ್ರೇಲರಿಗೆ ಬದಿಯ ಹಲಗೆ ಇರುವುದು ಕಡಿಮೆ. ಚಾಸಿಯ ಉದ್ದನೆಯ ಚಾನೆಲ್ಲಿನ ಮೇಲೆ ಹಿಂದಿನಿಂದ ಮುಂದಿನವರೆಗೆ ಪಟ್ಟಿ ಎಳೆಯಿರಿ. ಎರಡೂ ಟ್ರೇಲರಿಗೂ, ಎರಡೂ ಬದಿಗೂ.

ಅಂಟಿಸುವ ವಿಧಾನ

ಪಟ್ಟಿ ನಾಲ್ಕು ದಿನಕ್ಕೆ ಕಿತ್ತುಬಂತೆಂದು ದೂರುವವರಿದ್ದಾರೆ. ದೋಷ ಹೆಚ್ಚಾಗಿ ತಗಡನ್ನು ಸಿದ್ಧಪಡಿಸುವುದರಲ್ಲಿ ಇರುತ್ತದೆ. ಹೊಲ ಹದ ಮಾಡದೆ ಬೀಜ ಊರಿದರೆ ಮೊಳಕೆ ಬಾರದು. ಇದೂ ಹಾಗೆಯೇ.

1. ಮೊದಲು ತಂತಿ ಬ್ರಷ್ಷಿನಿಂದ ತುಕ್ಕು, ಎದ್ದ ಬಣ್ಣ ತೆಗೆಯಿರಿ. ಎಮರಿ ಕಾಗದದಿಂದ ತಿಕ್ಕಿ ನುಣುಪು ಮಾಡಿರಿ. ತುಕ್ಕಿನ ಮೇಲೆ ಅಂಟಿಸಿದ ಪಟ್ಟಿ ತುಕ್ಕಿನ ಸಮೇತ ಉದುರುತ್ತದೆ.

2. ಬರಿ ಕಬ್ಬಿಣ ಕಂಡಲ್ಲಿ ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿಯಿರಿ. ಬಣ್ಣ ಬಳಿದ ಮೇಲೆ ಕನಿಷ್ಠ ಒಂದು ವಾರ ಬಿಡಿರಿ. ಹಸಿ ಬಣ್ಣದಿಂದ ಹೊರಬರುವ ಆವಿ ಪಟ್ಟಿಯ ಕೆಳಗೆ ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಈ ಕೆಲಸವನ್ನು ಮೊದಲ ಹೇರಿನ ಹಿಂದಿನ ದಿನಕ್ಕೆ ಉಳಿಸಬೇಡಿರಿ.

3. ಸಾಬೂನು ನೀರಿನಿಂದ ತೊಳೆದು ಒಣಗಿಸಿರಿ. ಅನಂತರ ಶುದ್ಧ ಅರಿವೆಗೆ ಸ್ಪಿರಿಟ್ ಹಚ್ಚಿ ಒರೆಸಿರಿ. ಡೀಸೆಲ್ಲಿನಿಂದಲೋ ಸೀಮೆಎಣ್ಣೆಯಿಂದಲೋ ಕೊನೆಯ ಒರೆತ ಬೇಡ. ಅವು ಎಣ್ಣೆಯ ಪದರ ಬಿಡುತ್ತವೆ, ಅಂಟು ಹಿಡಿಯುವುದಿಲ್ಲ.

4. ಹೊತ್ತು ನೋಡಿ ಅಂಟಿಸಿರಿ. ಬೆಳಿಗ್ಗೆ ಇಬ್ಬನಿಯಿಂದ ತಗಡು ತಣ್ಣಗೆ, ತೇವವಾಗಿರುತ್ತದೆ. ನಡುಮಧ್ಯಾಹ್ನ ಕೈಯಿಡಲಾಗದಷ್ಟು ಕಾದಿರುತ್ತದೆ. ಆಗ ಅಂಟು ತಾಗಿದೊಡನೆ ಕಚ್ಚಿಕೊಂಡು ಸರಿಪಡಿಸಲು ಬಿಡುವುದಿಲ್ಲ. ಬೆಳಗಿನ 10 ಗಂಟೆಯ ಸುಮಾರಿಗೆ ನೆರಳಿನಲ್ಲಿ ಅಂಟಿಸುವುದು ಉತ್ತಮ.

5. ಸೀಸದ ಕಡ್ಡಿಯಿಂದ ಗೆರೆ ಹಾಕಿಕೊಳ್ಳಿರಿ. ಹಿಂದಿನ ಕಾಗದವನ್ನು ಒಮ್ಮೆಗೇ ಕೀಳದೆ ಗೇಣುಗೇಣಾಗಿ ಬಿಡಿಸುತ್ತ, ಪ್ಲಾಸ್ಟಿಕ್ ಪಟ್ಟಿಗೆ ಅರಿವೆ ಸುತ್ತಿ ಗಟ್ಟಿಯಾಗಿ ಒತ್ತುತ್ತ ಸಾಗಿರಿ. ಈ ಅಂಟು ಒತ್ತಡದಿಂದಲೇ ಹಿಡಿಯುವಂಥದ್ದು. ಬೆರಳಿನಿಂದ ಸವರಿದರೆ ಸಾಲದು. ಸಾದಾ ವಿನೈಲಿನ ಅಕ್ಷರಗಳಿಗೆ ಕೆಲವರು ಸಾಬೂನು ನೀರು ಸಿಂಪಡಿಸಿ ಅಂಟಿಸುತ್ತಾರೆ. ಪ್ರತಿಫಲಕ ಪಟ್ಟಿಗೆ ಅದು ಬೇಡ, ಒಣದಾಗಿಯೇ ಅಂಟಿಸಿರಿ.

6. ಪಟ್ಟಿಯನ್ನು ಎಳೆದು ಹಿಗ್ಗಿಸಬೇಡಿರಿ. ಹಿಗ್ಗಿಸಿದ್ದು ಬಿಸಿಲಿಗೆ ಕುಗ್ಗಿ ತುದಿ ಎದ್ದುಕೊಳ್ಳುತ್ತದೆ.

7. ಬೋಲ್ಟು, ರಿವೆಟ್ಟು, ಬಾಗಿಲಿನ ಸಂದು ಬಂದಲ್ಲಿ ಪಟ್ಟಿಯನ್ನು ಕತ್ತರಿಸಿ, ಎರಡು ಬದಿಯಿಂದಲೂ ಸ್ವಲ್ಪ ಬಿಟ್ಟು ಅಂಟಿಸಿರಿ. ಸಂದಿನ ಮೇಲೆ ಹಾಯಿಸಿದ ಪಟ್ಟಿ ಮೊದಲ ಕುಲುಕಿಗೇ ಹರಿಯುತ್ತದೆ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿರಿ. ಚೂಪಾದ ಮೂಲೆಗೆ ಕಬ್ಬಿನ ಜಲ್ಲೆ ಸಿಕ್ಕಿ ಪಟ್ಟಿ ಸುಲಿಯುತ್ತದೆ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಗಾಳಿ ಹೊರಡಿಸಿರಿ.

8. ಅಂಟಿಸಿದ ಮೇಲೆ ಒಂದು ದಿನವಾದರೂ ನೀರಿನ ಪೈಪು ಹಿಡಿಯಬೇಡಿರಿ. ಅಂಟು ಪೂರ್ತಿ ಬಿಗಿಯಾಗಲು ಅಷ್ಟು ಹೊತ್ತು ಬೇಕು.

ಹಳೆಯ ಪಟ್ಟಿ ಮಂಕಾಗಿದ್ದರೆ ಅದರ ಮೇಲೆಯೇ ಹೊಸದನ್ನು ಹಚ್ಚಬಾರದು. ಬಿಸಿನೀರಿನ ಅರಿವೆ ಇಟ್ಟು ಮೆತ್ತಗೆ ಮಾಡಿ, ನಿಧಾನವಾಗಿ ಸುಲಿದು ತೆಗೆಯಿರಿ. ಉಳಿದ ಅಂಟನ್ನು ಸೀಮೆಎಣ್ಣೆಯಿಂದ ತೆಗೆಯಬಹುದು. ಆದರೆ ಅದಾದ ಮೇಲೆ ಸಾಬೂನು ನೀರು, ಕೊನೆಗೆ ಸ್ಪಿರಿಟ್ ತಪ್ಪಬಾರದು. ಮರದ ಹಲಗೆಯ ಮೇಲೆ ಪಟ್ಟಿ ನೇರವಾಗಿ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ತಗಡಿಗೆ ಅಂಟಿಸಿ, ತಗಡನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿಯಿರಿ.

ಖಾಲಿ ಗಾಡಿಯ ಗುರುತು ಸಾಲದು

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮಾಡಿದರೂ ಮುಖ್ಯ ಕೆಲಸ ಉಳಿದೇ ಇದೆ. ನಾವು ಪಟ್ಟಿ ಅಂಟಿಸುವುದು ಖಾಲಿ ಟ್ರೇಲರಿಗೆ, ತಪಾಸಣೆ ಆಗುವುದೂ ಖಾಲಿ ಟ್ರೇಲರಿಗೆ. ರಾತ್ರಿ ರಸ್ತೆಯ ಮೇಲೆ ಇರುವುದು ಹೇರಿದ ಟ್ರೇಲರ್. ಕಬ್ಬಿನ ತುದಿಗಳು ಹಿಂದಕ್ಕೆ ಎರಡು ಮೂರು ಅಡಿ ಚಾಚಿ ಬಾಗಿರುತ್ತವೆ. ರವದಿ ಜೋತುಬಿದ್ದು ಹಿಂದಿನ ಪಟ್ಟಿಯನ್ನೂ ಕೆಂಪು ದೀಪವನ್ನೂ ಮುಚ್ಚಿಬಿಡುತ್ತದೆ. ನಮ್ಮ ಯಾರ್ಡಿನಲ್ಲಿ ರಾತ್ರಿ ಸರತಿ ನಿಂತಾಗ ಹಿಂದಿನಿಂದ ಬ್ಯಾಟರಿ ಬಿಟ್ಟು ನೋಡಿರಿ. ಒಳ್ಳೆಯ ಪಟ್ಟಿ ಇದ್ದೂ ಕಾಣದ ಗಾಡಿಗಳು ಅಲ್ಲಿಯೇ ಸಿಗುತ್ತವೆ.

ಇದಕ್ಕೆ ಪರಿಹಾರ ತೂಗುಫಲಕ. ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ದಪ್ಪ ಫ್ಲೆಕ್ಸ್ ತುಂಡು ತೆಗೆದುಕೊಳ್ಳಿರಿ. ನಾಲ್ಕೂ ಅಂಚು ಮಡಚಿ ಹೊಲಿಸಿ, ಮೂಲೆಗಳಿಗೆ ಹಿತ್ತಾಳೆಯ ರಿಂಗು ಹೊಡೆಸಿರಿ. ಸುತ್ತಲೂ ಕೆಂಪು ಪ್ರತಿಫಲಕ ಪಟ್ಟಿ, ನಡುವೆ ಅದೇ ಪಟ್ಟಿಯ ಅಡ್ಡಗುರುತು ಹಾಕಿಸಿರಿ. ಕೆಳ ಅಂಚಿನ ಮಡಿಕೆಯಲ್ಲಿ ಒಂದು ಸಣ್ಣ ಕಬ್ಬಿಣದ ಪೈಪು ತೂರಿಸಿರಿ. ಭಾರವಿದ್ದರೆ ಫಲಕ ಗಾಳಿಗೆ ಹಾರದೆ ನೆಟ್ಟಗೆ ನಿಲ್ಲುತ್ತದೆ. ಪಟ್ಟಿ ಆಕಾಶಕ್ಕೋ ನೆಲಕ್ಕೋ ಮುಖ ಮಾಡಿದರೆ ಬೆಳಕು ಹಿಂದಿನವನಿಗೆ ತಿರುಗಿ ಹೋಗುವುದಿಲ್ಲ.

ಫಲಕವನ್ನು ಕಬ್ಬಿಗೆ ಕಟ್ಟಬೇಡಿರಿ, ದಾರಿಯಲ್ಲಿ ಜಲ್ಲೆ ಜಾರಿ ಫಲಕವೂ ಬೀಳುತ್ತದೆ. ಹೇರಿನ ಮೇಲೆ ಬಿಗಿಯುವ ಸರಪಳಿ ಅಥವಾ ಹಗ್ಗಕ್ಕೆ ಕೊಕ್ಕೆ ಹಾಕಿ, ಚಾಚಿದ ತುದಿಗಳ ಹೊರಗೆ ಇಳಿಬಿಡಿರಿ. ಹೇರು ಕಟ್ಟಿದ ಮೇಲೆ ಹಿಂದೆ ಮತ್ತು ಬದಿಗೆ ಜೋತುಬಿದ್ದ ರವದಿಯನ್ನು ಕುಡುಗೋಲಿನಿಂದ ಸವರಿಬಿಡಿರಿ. ಐದು ನಿಮಿಷದ ಕೆಲಸ. ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಮುನ್ನ ಫಲಕ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಕಬ್ಬಿನ ಜೊತೆ ಅದೂ ಹೋಗುತ್ತದೆ. ಕಟ್ಟುವವರು ಯಾರು, ಬಿಚ್ಚುವವರು ಯಾರು ಎಂಬುದನ್ನು ಮಾಲೀಕರು ಮೊದಲೇ ಗೊತ್ತುಮಾಡಿರಿ. ಎಲ್ಲರ ಕೆಲಸವೆಂದರೆ ಯಾರೂ ಮಾಡದ ಕೆಲಸವಾಗುತ್ತದೆ.

ಇನ್ನೊಂದು ಮಾತು. ಪಟ್ಟಿ ಇದೆಯೆಂದು ಹಿಂದಿನ ದೀಪವನ್ನು ಕೈಬಿಡಬಾರದು. ಪಟ್ಟಿಗೆ ಸ್ವಂತ ಬೆಳಕಿಲ್ಲ. ಹಿಂದಿನ ವಾಹನದ ದೀಪ ಮಂದವಿದ್ದರೆ ಪಟ್ಟಿಯೂ ಮಂದ.

ಚಕ್ಕಡಿಗಳ ವಿಷಯ

ಎತ್ತಿನ ಗಾಡಿಗೆ ದೀಪವೇ ಇಲ್ಲವಾದ್ದರಿಂದ ಪ್ರತಿಫಲಕವೇ ಅದರ ಕಣ್ಣು. ಹಿಂದಿನ ಅಡ್ಡಮರಕ್ಕೆ ತಗಡಿನ ಮೇಲೆ ಅಂಟಿಸಿದ ಕೆಂಪು ಪಟ್ಟಿ, ನೊಗದ ಎರಡು ತುದಿಗೆ ಬಿಳಿ ಪಟ್ಟಿ, ಬದಿಯ ಉದ್ದಮರಕ್ಕೆ ಹಳದಿ ಪಟ್ಟಿ ಹಾಕಿರಿ. ಚಕ್ಕಡಿಯ ಹೇರಿಗೂ ಸಣ್ಣ ತೂಗುಫಲಕ ಬೇಕು. ಎತ್ತಿನ ಕೊರಳಿಗೆ ಪ್ರತಿಫಲಕ ಅರಿವೆಯ ಪಟ್ಟಿ ಹೊಲಿಸಿ ಕಟ್ಟಬಹುದು. ಅಂಟಿನ ಪಟ್ಟಿಯನ್ನು ಎತ್ತಿನ ಚರ್ಮಕ್ಕೆ ಹಚ್ಚಬೇಡಿರಿ. ಚಕ್ಕಡಿಯವರಲ್ಲಿ ಬಹಳ ಜನ ದೂರದ ಊರುಗಳಿಂದ ಹೆಂಡತಿ ಮಕ್ಕಳೊಂದಿಗೆ ಕಟಾವಿಗೆ ಬಂದವರು. ಮಕ್ಕಳು ಹೇರಿನ ಮೇಲೆಯೇ ಮಲಗಿರುತ್ತಾರೆ. ಪಟ್ಟಿ ಕೊಳ್ಳುವ ಹಣ ಅವರ ಕೈಯಲ್ಲಿ ಇಲ್ಲದಿದ್ದರೆ, ಯಾರ ಹೊಲದ ಕಬ್ಬು ಹೇರುತ್ತಾರೋ ಆ ಸದಸ್ಯರು ಕೊಡಿಸಿದರೆ ದೊಡ್ಡ ಉಪಕಾರ.

ಹೆಸರು, ನಂಬರು, ದೇವರ ಚಿತ್ರ

ಟ್ರೇಲರಿನ ಹಿಂದೆ ‘ಶ್ರೀ ಸ್ವಾಮಿ ಸಮರ್ಥ’ ಎಂದೋ ‘ಸಿದ್ಧೇಶ್ವರ ಪ್ರಸನ್ನ’ ಎಂದೋ ಬರೆಸುವುದು ನಮ್ಮ ಭಾಗದ ಪದ್ಧತಿ. ಬರೆಸಿರಿ, ಆದರೆ ಪ್ರತಿಫಲಕ ಪಟ್ಟಿಯ ಮೇಲೆ ಮಾತ್ರ ಬೇಡ. ಸಾದಾ ವಿನೈಲಿನ ಅಕ್ಷರವಾಗಲಿ, ದಪ್ಪ ಬಣ್ಣವಾಗಲಿ ಪಟ್ಟಿಯ ಮೇಲೆ ಬಂದರೆ ಅಷ್ಟು ಭಾಗ ಕುರುಡಾಗುತ್ತದೆ. ದೇವರ ಹೆಸರಿಗೆ ಮುಂದಿನ ಹಲಗೆಯೋ ಟ್ರ್ಯಾಕ್ಟರಿನ ಬಾನೆಟ್ಟೋ ಇದೆ. ವಾಹನ ನಂಬರು ಬರೆಸುವಾಗ ಸೊಟ್ಟ, ಸುರುಳಿ ಅಕ್ಷರ ಬೇಡ. ಬಿಳಿಯ ಮೇಲೆ ಕಪ್ಪು, ಹಳದಿಯ ಮೇಲೆ ಕಪ್ಪು ದೂರದಿಂದ ಓದಲು ಬರುತ್ತದೆ. ಕೆಂಪಿನ ಮೇಲೆ ನೀಲಿ ಬಾರದು. ನಮ್ಮ ಕನ್ನಡ ಅಕ್ಷರಕ್ಕೆ ಒತ್ತು, ಕೊಂಬುಗಳಿವೆ. ಅವು ಒಂದಕ್ಕೊಂದು ಅಂಟದಂತೆ ಸಾಲುಗಳ ನಡುವೆ ಜಾಗ ಬಿಡಿಸಿರಿ. ಎಚ್ಚರಿಕೆಯ ಮಾತು ಬರೆಸುವುದಾದರೆ ಕನ್ನಡ ಮರಾಠಿ ಎರಡರಲ್ಲೂ ಬರೆಸಿರಿ, ಏಕೆಂದರೆ ಹಿಂದೆ ಬರುವವನು ಭೀಮೆಯ ಯಾವ ದಂಡೆಯವನೋ ತಿಳಿಯದು. ಎರಡು ಮೂರು ಶಬ್ದ ಸಾಕು. ಕತ್ತಲೆಯಲ್ಲಿ ಯಾರೂ ವಾಕ್ಯ ಓದುವುದಿಲ್ಲ.

ಹಂಗಾಮಿನ ನಡುವೆ

ಧೂಳು ಮೆತ್ತಿದ ಪಟ್ಟಿ ಇಲ್ಲದ ಪಟ್ಟಿಗೆ ಸಮ. ಪ್ರತಿ ಖೇಪಿಗೆ ಮುನ್ನ ಒದ್ದೆ ಅರಿವೆಯಿಂದ ಒರೆಸಿರಿ. ವಾರಕ್ಕೊಮ್ಮೆ ರಾತ್ರಿ, ಹೇರಿದ ಮೇಲೆ, 25 ಹೆಜ್ಜೆ ಹಿಂದೆ ನಿಂತು ಬ್ಯಾಟರಿಯ ಪರೀಕ್ಷೆ ಮಾಡಿರಿ. ಹಿಂದೆ, ಎಡಕ್ಕೆ, ಬಲಕ್ಕೆ ಮೂರೂ ಕಡೆಯಿಂದ ನೋಡಿರಿ.

ಟಾಯರು ಒಡೆದು ಗಾಡಿ ನಿಂತರೆ ಆದಷ್ಟು ರಸ್ತೆಯಿಂದ ಕೆಳಗೆ ಇಳಿಸಿರಿ. ಇಳಿಸಲಾಗದಿದ್ದರೆ 50 ಮೀಟರ್ ಹಿಂದೆ ಪ್ರತಿಫಲಕದ ತ್ರಿಕೋನ ಇಡಿರಿ. ಕಲ್ಲಿಡುವ ರೂಢಿ ಬಿಡಬೇಕು. ಕಲ್ಲು ಕತ್ತಲೆಯಲ್ಲಿ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ರಿಪೇರಿ ಮುಗಿದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ರಸ್ತೆಯ ನಡುವೆಯೇ ಉಳಿಯುತ್ತದೆ. ಅದಕ್ಕೆ ಎಡವಿ ಬೀಳುವ ಮೋಟಾರ್ ಸೈಕಲ್ಲಿನವನು ನಮ್ಮ ಊರಿನವನೇ ಆಗಿರುತ್ತಾನೆ.

ಬಂಧುಗಳೇ, ವಾಹನ ನನ್ನದಲ್ಲ, ಗುತ್ತಿಗೆದಾರನದು, ಪಟ್ಟಿಯ ಚಿಂತೆ ನನಗೇಕೆ ಎಂದು ಬೆಳೆಗಾರ ಸದಸ್ಯರು ಕೇಳಬಹುದು. ಹೇರು ತಮ್ಮದು. ಹೊಲದ ಬದುವಿನಿಂದ ಗಾಡಿ ಹೊರಡುವಾಗ ಅಲ್ಲಿ ನಿಂತಿರುವವರು ತಾವೇ. ಕಟ್ಟು ಬಿಗಿಯಿತೇ, ತೂಕ ಸರಿಯೇ ಎಂದು ನೋಡುವ ಕಣ್ಣು ಹಿಂದಿನ ಫಲಕವನ್ನೂ ನೋಡಲಿ. ಫಲಕವಿಲ್ಲದ ಗಾಡಿಗೆ, ‘ಸ್ವಲ್ಪ ನಿಲ್ಲಪ್ಪಾ, ಕಟ್ಟಿಕೊಂಡು ಹೋಗು’ ಎಂದು ಹೇಳುವ ಹಕ್ಕು ತಮಗಿದೆ. ಈ ಹಂಗಾಮಿನಲ್ಲಿ ಯಾರ ಹೊಲದಿಂದಲೂ ಕುರುಡು ಹೇರು ರಸ್ತೆಗೆ ಬಾರದಿರಲಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.